ಜುಲೈನಲ್ಲಿ ಅಳೆದ ಸೇತುವೆ

ಕಾಂಕ್ರೀಟಿನ ಬಗ್ಗೆ ಬರೆದರೆ ಯಾರು ಓದ್ತಾರೆ ಅಂತ ಇಷ್ಟು ದಿನ ಸುಮ್ಮನಿದ್ದೆ. ಊರಿಂದ ಬಂದಮೇಲೆ ತಡೆಯೋಕೆ ಆಗ್ತಿಲ್ಲ. ಓದಿದ್ದು ಸಿವಿಲ್ಲು, ಹೊಟ್ಟೆಪಾಡು ಸಾಫ್ಟ್‌ವೇರು. ಹಾಗಾಗಿ ಬೈಯೋಕೆ ಅರ್ಧ ಹಕ್ಕಾದರೂ ಇದೆ ಅಂದ್ಕೊಳ್ಳಿ :)

ನಮ್ಮೂರು ಜಾವಳಿ, ಹೇಮಾವತಿ ಹುಟ್ಟೋ ಜಾಗ. ತೋಟದ ದಾರಿಯಲ್ಲೊಂದು ಹಳೇ ಕಿರುಸೇತುವೆ ಇದೆ. 2019ರ ಆಗಸ್ಟಿನ ಮಳೆಯನ್ನೂ ತಡ್ಕೊಂಡಿದ್ದು. ಈಗ ತೊಲೆಯ ಅಡಿಯಲ್ಲಿ ಬಿರುಕು ಬಿಟ್ಟಿದೆ. ಕೊಯ್ಲಿನ ಕಾಲಕ್ಕೆ ಕಾಫಿ ಮೂಟೆ ತುಂಬಿದ ಲಾರಿಗಳೂ, ಸ್ಕೂಲ್ ವ್ಯಾನೂ ಅದರ ಮೇಲೇ ಹೋಗ್ತವೆ. ಸಂಬಂಧಪಟ್ಟವರನ್ನ ಕೇಳಿದ್ರೆ "ಅಲ್ಟ್ರಾಸಾನಿಕ್ ಟೆಸ್ಟ್ ಆಗಿದೆ, ಗುಡ್ ಅಂತ ಬಂದಿದೆ" ಅಂದರು. ಯಾವಾಗ ಮಾಡಿದ್ದು ಸಾರ್? ಜುಲೈನಲ್ಲಿ!

ಜುಲೈನಲ್ಲಿ ನಮ್ಮ ಕಡೆ ಕೊಡೆಯೇ ಒಣಗಲ್ಲ, ಕಾಂಕ್ರೀಟ್ ಒಣಗುತ್ತಾ?

ಈ ಟೆಸ್ಟು ಸರಳ. ಒಂದು ಬದಿಯಿಂದ ಸುಮಾರು 54 ಕಿಲೋಹರ್ಟ್ಸ್‌ನ ಮಿಡಿತ ಬಿಡ್ತಾರೆ, ಇನ್ನೊಂದು ಬದಿಗೆ ತಲುಪೋಕೆ ಎಷ್ಟು ಹೊತ್ತಾಯ್ತು ಅಂತ ನೋಡ್ತಾರೆ. 1992ರ ಐಎಸ್ 13311ರ ಪ್ರಕಾರ ಸೆಕೆಂಡಿಗೆ 3.5ರಿಂದ 4.5 ಕಿಲೋಮೀಟರ್ ವೇಗ ಬಂದರೆ 'ಗುಡ್' ಅಂತಿದ್ರು, 3ಕ್ಕಿಂತ ಕೆಳಗಾದರೆ ಅನುಮಾನ ಪಡ್ತಿದ್ರು. (2018ರಲ್ಲಿ ಇದು ಐಎಸ್ 516ರೊಳಗೆ ಸೇರಿಕೊಂಡಿತು.) ಗಾಳಿ ತುಂಬಿದ ಬಿರುಕು ಮಿಡಿತವನ್ನ ಹಿಂದಕ್ಕೆ ತಳ್ಳುತ್ತೆ, ಅದು ಸುತ್ತಿ ಬರಬೇಕು, ತಡ ಆಗುತ್ತೆ. ನೀರು ತುಂಬಿದ ಬಿರುಕಾದರೆ ದಾಟಿಸಿಬಿಡುತ್ತೆ. ಅಂದರೆ ಮಳೆಗಾಲದಲ್ಲಿ ಮುರುಕು ಸೇತುವೆಯೂ ಫಸ್ಟ್ ಕ್ಲಾಸ್ ಪಾಸು.

ಇನ್ನೊಂದು ಮೋಸ ಭಾರದ್ದು. ಒತ್ತಡಕ್ಕೆ ಸಿಕ್ಕ ಕಾಂಕ್ರೀಟಿನ ಸಣ್ಣ ಬಿರುಕುಗಳು ಹೆಚ್ಚಾಗಿ ಒತ್ತಡದ ದಿಕ್ಕಿಗೇ ಉದ್ದಕ್ಕೆ ಸೀಳ್ತವೆ. ಅದೇ ದಿಕ್ಕಿನಲ್ಲಿ ಅಳೆದರೆ ವೇಗ ಅಷ್ಟೇನೂ ಇಳಿಯಲ್ಲ, ಅಡ್ಡಕ್ಕೆ ಅಳೆದರೆ ಬಣ್ಣ ಬಯಲು. ತೊಲೆಯ ಅಡಿಯ ಬಿರುಕಿನ ಕಥೆ ಬೇರೆ. ಲಾರಿ ಮೇಲಿದ್ದಾಗ ಬಾಯಿ ಬಿಡುತ್ತೆ, ಇಳಿದಮೇಲೆ ಮುಚ್ಚಿಕೊಳ್ಳುತ್ತೆ. ಖಾಲಿ ಸೇತುವೆ ಅಳೆದು ಸರ್ಟಿಫಿಕೇಟ್ ಕೊಡೋದು ಅಂದರೆ, ಮಲಗಿರೋ ಮನುಷ್ಯನನ್ನ ನೋಡಿ ಇವನಿಗೆ ಮಂಡಿನೋವಿಲ್ಲ ಅಂದ ಹಾಗೆ.

ಊರಿಗೆ ಹೋಗುವಾಗ ಪೀಣ್ಯ ಫ್ಲೈಓವರ್ ಹತ್ತುತ್ತೀವಲ್ಲ, 2021ರ ಡಿಸೆಂಬರ್‌ನಲ್ಲಿ ಅದನ್ನ ಮುಚ್ಚಿದ್ದು 102, 103ನೇ ಕಂಬಗಳ ನಡುವೆ ಬಿಗಿದ ಕೇಬಲ್ ಕೆಟ್ಟಿದ್ದಕ್ಕೆ. ಕಾಂಕ್ರೀಟಿನ ವೇಗ ಎಷ್ಟೇ ಚೆನ್ನಾಗಿ ಬಂದರೂ ಒಳಗಿನ ಕೇಬಲ್ಲಿನ ತುಕ್ಕು ಕಾಣಲ್ಲ. ಅಲ್ಲಿ ಲಾರಿ ನಿಲ್ಲಿಸಿ ಭಾರ ಪರೀಕ್ಷೆ ಮಾಡಿದರು. ದೊಡ್ಡ ಗಾಡಿ ಮತ್ತೆ ಬಿಟ್ಟಿದ್ದು 2024ರ ಜುಲೈ ಕೊನೆಗೆ.

"ಹಳ್ಳಿ ಸೇತುವೆಗೆ ಅಷ್ಟೆಲ್ಲ ಯಾಕ್ರೀ?" ಅಂತಾರೆ. ಅಷ್ಟೆಲ್ಲ ಬೇಡ ಮಾರಾಯ್ರೆ. ಏಪ್ರಿಲ್‌ನಲ್ಲಿ, ಒಣಗಿದಾಗ ಬನ್ನಿ. ಅಳೆದ ಜಾಗಕ್ಕೆ ಬಣ್ಣದ ಗುರುತು ಹಾಕಿ. ಲಾರಿ ಇಲ್ಲದೆ ಒಮ್ಮೆ, ಲಾರಿ ನಿಲ್ಲಿಸಿ ಒಮ್ಮೆ ಅಳೀರಿ. ಮುಂದಿನ ವರ್ಷ ಅದೇ ಗುರುತಿನ ಮೇಲೆ ಮತ್ತೆ ಅಳೀರಿ. ಒಂದೇ ಒಂದು ರೀಡಿಂಗಿಗಿಂತ ವರ್ಷದಿಂದ ವರ್ಷಕ್ಕೆ ಆದ ಇಳಿತವೇ ಹೆಚ್ಚು ಹೇಳೋದು. ಒಂದು ಡಬ್ಬ ಪೇಂಟಿನ ಖರ್ಚು, ಅಷ್ಟೆ.

ಲಾರಿ ಪಕ್ಕದ ತೋಟದವರು ಕೊಡ್ತೀನಿ ಅಂದಿದ್ದಾರೆ, ಪೇಂಟ್ ನಾನು ತರ್ತೀನಿ. ಮಿಷನ್ನು ಎರಡು ದಿನಕ್ಕೆ ಬಾಡಿಗೆಗೆ ಎಲ್ಲಿ ಸಿಗುತ್ತೆ ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.