ನಮ್ಮವ್ವನ ಎದೆ ಕಲ್ಲಲ್ಲ

ಹಾಸ್ಟೆಲ್ ಗೆಳೆಯರೇ,

ತೆಲಿಗಿ ಸೀಮೆಯ ಹೊಲದಾಗ ಕೂಲಿಯವರೊಬ್ಬರು ಎದೆ ಹಿಡಕೊಂಡು ಬಿದ್ದರೆ ಊರು ಏನನ್ನುತ್ತದೆ? ‘ಹಣೆಬರ’ ಅನ್ನುತ್ತದೆ. ನಮ್ಮ ಕೇರಿಯವರೂ ಅದನ್ನೇ ಅಂತಾರೆ. ಈ ಸುಳ್ಳನ್ನು ನಾವು ಇನ್ನು ಒಪ್ಪುವುದಿಲ್ಲ.

ವಿಜ್ಞಾನ ಏನು ಹೇಳುತ್ತದೆ ಕೇಳಿ. ಹೃದಯ ಮುಷ್ಟಿ ಗಾತ್ರದ ಸ್ನಾಯು. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಮೈ ಕಾದಾಗ ಶಾಖ ಹೊರಹಾಕಲು ರಕ್ತ ಚರ್ಮದ ಕಡೆ ಹರಿಯಬೇಕು. ಅದಕ್ಕೆ ಹೃದಯ ಇನ್ನೂ ಜೋರಾಗಿ ದುಡಿಯಬೇಕು. ಬೆವರಿನಲ್ಲಿ ನೀರು, ಉಪ್ಪು ಹೋಗಿ ರಕ್ತ ಮಂದವಾಗುತ್ತದೆ, ಬಡಿತದ ತಾಳ ತಪ್ಪುತ್ತದೆ. ಒಳಮೈ ಶಾಖ 37 ಡಿಗ್ರಿಯಿಂದ 40 ದಾಟಿ ಏರುತ್ತ ಹೋದರೆ ಸ್ನಾಯುಕೋಶದೊಳಗಿನ ಪ್ರೋಟೀನುಗಳೇ ಆಕಾರಗೆಡುತ್ತವೆ, ಕೋಶ ಸಾಯುತ್ತದೆ. ಚಳಿಯಲ್ಲಿ ರಕ್ತನಾಳ ಬಿಗಿದು ಒತ್ತಡ ಏರುತ್ತದೆ. ಒಳಮೈ 28ಕ್ಕಿಂತ ಕೆಳಗಿಳಿದರೆ ಹೃದಯ ಅದುರಿ ನಿಂತೇ ಹೋಗಬಹುದು. ನಮ್ಮ ಸೀಮೆಯ ಚಳಿ ಅಷ್ಟಿಲ್ಲ. ಆದರೆ ನಸುಕಿನಲ್ಲಿ ಬೀದಿ ಗುಡಿಸುವ ದಣಿದ ಎದೆಗೆ ಏರಿದ ಒತ್ತಡವೇ ಸಾಕು. ಸತ್ತ ಕೋಶದ ಜಾಗಕ್ಕೆ ಹೊಸದು ಬರುವುದು ತೀರ ಅಪರೂಪ. ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಹೊಸದಾಗುವುದು ನೂರಕ್ಕೆ ಒಂದರಷ್ಟೂ ಇಲ್ಲ.

ಇದರಲ್ಲಿ ಜಾತಿ ಎಲ್ಲಿ ಬಂತು? ಸ್ನಾಯುವಿನಲ್ಲಿ ಇಲ್ಲ. ಗೌಡರ ಎದೆಯೂ ನಮ್ಮ ಕೇರಿಯ ಎದೆಯೂ ಒಂದೇ ಶಾಖಕ್ಕೆ ಬೇಯುತ್ತವೆ. ಬಿಸಿಲಿಗೆ ಜಾತಿ ಇಲ್ಲ, ನೆರಳಿಗೆ ಐತಿ. 2025ರ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆದವು. ನಮ್ಮ ವಿಜಯನಗರ ಜಿಲ್ಲೆಯೂ ಅದರಲ್ಲಿತ್ತು. ಒಳ್ಳೇದೇ. ಫ್ಯಾನಿನ ಕೆಳಗೆ ಕೂತವರಿಗೂ ಈ ಬಿಸಿಲು ತಡೆಯದು ಅಂತ ಸರ್ಕಾರವೇ ಒಪ್ಪಿತು. ಹಾಗಾದರೆ ಹೊಲದಾಗ, ಇಟ್ಟಿಗೆ ಭಟ್ಟಿಯಾಗ ಇರೋ ನಮ್ಮವ್ವನ ಎದೆ ಏನು ಕಲ್ಲೇ?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ನೀರು ಮರ್ಯಾದೆಯ ಪ್ರಶ್ನೆ ಅಂತ ಕಲಿತೆವು. ಅದು ಎದೆಬಡಿತದ ಪ್ರಶ್ನೆಯೂ ಹೌದು. ಯಾರಾದರೂ ಮೇಲಿಂದ ಹೊಯ್ಯಲಿ ಅಂತ ಬೊಗಸೆಯೊಡ್ಡಿ ನಾವು ಕಾಯಬಹುದು. ನಮ್ಮ ರಕ್ತ ಕಾಯುವುದಿಲ್ಲ.

ಬೇಸಿಗೆಯ ನಡುಮಧ್ಯಾಹ್ನ ಕೂಲಿ ಮುರಿಯದೆ ಬಿಡುವು, ನೆರಳು, ಕೈಗೆಟುಕುವ ನೀರು: ಇದು ಭಿಕ್ಷೆಯಲ್ಲ, ಹಕ್ಕು.

ರಜೆಗೆ ಊರಿಗೆ ಹೋದಾಗ ಸುಮ್ಮನೆ ಕೂರಬೇಡಿ. ಬಿದ್ದವರನ್ನು ನೆರಳಿಗೆ ತಂದು, ಮೈಗೆ ನೀರು ಸುರಿದು, ಗಾಳಿ ಬೀಸಿ, 108ಕ್ಕೆ ಫೋನ್ ಮಾಡುವುದನ್ನು ಕೇರಿಗೆ ಕಲಿಸಿ. ಒಂದು ನೋಟ್‌ಬುಕ್ ಇಡಿ. ಯಾರು ಬಿದ್ದರು, ಎಷ್ಟು ಹೊತ್ತಿಗೆ, ನೀರು ಎಷ್ಟು ದೂರ ಇತ್ತು, ಬರೆಯಿರಿ. ಅದನ್ನು ಹರಪನಹಳ್ಳಿ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಇಡೋಣ. ಹಣೆಬರ ಅನ್ನುವವರಿಗೆ ನಮ್ಮ ಕೈಬರಹ ತೋರಿಸೋಣ.

ಜೈ ಭೀಮ್.