ಖೋ ಖೋ ಅಂಕಣ ಮತ್ತು ಹೆಣ್ಣುಮಕ್ಕಳ ಮನಃಸ್ವಾಸ್ಥ್ಯ

ಹತ್ತನೆಯ ತರಗತಿಗೆ ಕಾಲಿಟ್ಟ ವಿದ್ಯಾರ್ಥಿನಿ ಮೊದಲು ಕಳೆದುಕೊಳ್ಳುವುದು ಆಟದ ಅವಧಿಯನ್ನು. ಅದು ಗಣಿತದ ವಿಶೇಷ ತರಗತಿಗೆ ಸಲ್ಲುತ್ತದೆ. ಸಂಜೆಯ ಹೊತ್ತು ಮನೆಗೆಲಸಕ್ಕೆ ಮೀಸಲಾಗುತ್ತದೆ. ಮೈನೆರೆದ ಮಗಳು ಬಯಲಿನಲ್ಲಿ ಓಡುವುದನ್ನು ಒಪ್ಪದ ಹಿರಿಯರು ಇಂದಿಗೂ ಇಲ್ಲದಿಲ್ಲ. ಪರೀಕ್ಷೆಯ ಭಯ, ದೇಹದ ಬದಲಾವಣೆ, ಮೊಬೈಲಿನಲ್ಲಿ ಕಂಡ ಚೆಲುವೆಯರೊಡನೆ ತನ್ನನ್ನು ಹೋಲಿಸಿಕೊಂಡು ಕುಗ್ಗುವ ಚಾಳಿ ಇವೆಲ್ಲವೂ ಒಮ್ಮೆಲೇ ಮೇಲೆರಗುವ ವಯಸ್ಸಿನಲ್ಲಿಯೇ ಆಟವನ್ನು ಕಿತ್ತುಕೊಳ್ಳುವುದು ವಿವೇಕವೆನಿಸದು.

146 ದೇಶಗಳ 2016ರ ಅಂಕಿಗಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 11ರಿಂದ 17 ವರ್ಷದ ಬಾಲಕಿಯರಲ್ಲಿ ಶೇಕಡಾ 85ರಷ್ಟು ಮಂದಿಗೆ ದಿನಕ್ಕೆ ಒಂದು ಗಂಟೆಯಷ್ಟು ದೈಹಿಕ ಚಟುವಟಿಕೆಯೂ ಇರಲಿಲ್ಲ. ಬಾಲಕರಲ್ಲಿ ಈ ಪ್ರಮಾಣ ಶೇಕಡಾ 78.

ಮನೆಯಲ್ಲಿ ಒಬ್ಬಳೇ ವ್ಯಾಯಾಮ ಮಾಡಿದರಾಗದೇ ಎಂದು ಕೇಳುವವರುಂಟು. ಮೈಗೆ ಅದು ಸಾಕಾದೀತು. ಮನಸ್ಸು ಬಯಸುವುದು ಒಡನಾಟವನ್ನು. ಖೋ ಖೋ ಆಟವನ್ನೇ ಗಮನಿಸಬಹುದು. ಬೆನ್ನಟ್ಟುವ ತಂಡದ ಎಂಟು ಮಂದಿ ಅಕ್ಕಪಕ್ಕದವರು ವಿರುದ್ಧ ದಿಕ್ಕಿಗೆ ಮುಖಮಾಡಿರುವಂತೆ ಕುಳಿತಿರುತ್ತಾರೆ, ಒಂಬತ್ತನೆಯವಳು ಓಡುತ್ತಾಳೆ. ಕುಳಿತವರ ಸಾಲನ್ನು ನಡುವೆ ದಾಟಿ ಹೋಗಲು ಆಕೆಗೆ ಅನುಮತಿಯಿಲ್ಲ. ಎದುರಾಳಿ ಆ ಬದಿಗೆ ನುಸುಳಿದಳೆಂದರೆ, ಕುಳಿತ ಗೆಳತಿಯ ಬೆನ್ನು ಮುಟ್ಟಿ 'ಖೋ' ಎನ್ನಲೇಬೇಕು. ತನ್ನಿಂದಾಗದ್ದನ್ನು ಇನ್ನೊಬ್ಬಳಿಗೆ ಒಪ್ಪಿಸುವುದು ಇಲ್ಲಿ ಸೋಲಲ್ಲ, ಆಟದ ನಿಯಮ. ದುಃಖವನ್ನು ನುಂಗಿಕೊಳ್ಳುವುದೇ ಸುಶೀಲತೆಯೆಂದು ಕೇಳುತ್ತ ಬೆಳೆದ ಹುಡುಗಿಗೆ ಇದು ಸಣ್ಣ ಪಾಠವಲ್ಲ. ಒಂದು ದಿನ ಆಕೆ ಬಾರದಿದ್ದರೆ ಒಂದು ಚೌಕ ಬರಿದಾಗುತ್ತದೆ; ಏಕೆ ಬರಲಿಲ್ಲವೆಂದು ಕೇಳಲು ಎಂಟು ಮಂದಿ ಇರುತ್ತಾರೆ. ಮನೋವೇದನೆಯ ಮೊದಲ ಸುಳಿವು ಎಷ್ಟೋ ಸಲ ಹೆತ್ತವರಿಗಿಂತ ಮುಂಚೆ ಇಂತಹ ಒಡನಾಡಿಗಳಿಗೇ ತಿಳಿಯುತ್ತದೆ.

2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ವನಿತೆಯರು ನೇಪಾಳವನ್ನು 78-40 ಅಂಕಗಳಿಂದ ಮಣಿಸಿದರು. ಆ ತಂಡದ ಬಿ. ಚೈತ್ರ ಮೈಸೂರು ಜಿಲ್ಲೆಯ ಕುರುಬೂರಿನವರು. ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಪದಕದ ಆಸೆಗಾಗಿ ಚುರುಕಾದ ಹನ್ನೆರಡು ಮಂದಿಯನ್ನಷ್ಟೇ ಆರಿಸಿ ಉಳಿದವರನ್ನು ಚಪ್ಪಾಳೆಗೆ ಬಿಡುವ ಶಾಲೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಸೋತವಳನ್ನು ಎಲ್ಲರೆದುರು ಹಳಿಯುವ, ಆಕೆಯ ಮೈಕಟ್ಟನ್ನು ಆಡಿಕೊಳ್ಳುವ ಶಿಕ್ಷಕರಿದ್ದಲ್ಲಿ ಆಟವೇ ವ್ಯಥೆಗೆ ಕಾರಣವಾಗುತ್ತದೆ. ನಿದ್ರೆ, ಊಟ ತೊರೆದು ಖಿನ್ನತೆಗೆ ಒಳಗಾದವಳಿಗೆ ವೈದ್ಯರ ನೆರವೇ ಬೇಕು. 'ಆಡಿದರೆ ಸರಿಹೋದೀತು' ಎನ್ನುವುದು ಅಪಾಯಕರ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಪ್ರತಿ ತರಗತಿಯ ಗೋಡೆಯ ಮೇಲಿರತಕ್ಕದ್ದು.

12ನೆಯ ಶತಮಾನದಲ್ಲಿಯೇ ಅನುಭವ ಮಂಟಪದಲ್ಲಿ ಶರಣೆಯರಿಗೆ ಸ್ಥಾನವಿತ್ತ ಪರಂಪರೆಯನ್ನು ನೆನೆಯುವ ಮಠದ ಶಾಲೆಗಳು ಬಯಲಿನಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡಲು ಹಿಂಜರಿಯಬೇಕಾದುದಿಲ್ಲ. ವೆಚ್ಚವೂ ಹೆಚ್ಚಿನದಲ್ಲ: ಹದಗೊಳಿಸಿದ ನೆಲ, ಎರಡು ಕಂಬ. ದಾನಿಗಳು ಕೊಠಡಿಗಳಿಗೆ ಉದಾರವಾಗಿ ಕೊಡುತ್ತಾರೆ, ಅಮೃತಶಿಲೆಯ ಮೇಲೆ ಹೆಸರೂ ಮೂಡುತ್ತದೆ. ಬಯಲಿನ ಬದಿಗೆ ನೀರಿನ ಸೌಕರ್ಯವುಳ್ಳ ಶೌಚಾಲಯ, ಉಡುಪು ಬದಲಿಸುವ ಕೋಣೆ, ಒಬ್ಬ ದೈಹಿಕ ಶಿಕ್ಷಕಿಯ ವೇತನ ಇವುಗಳತ್ತಲೂ ಅವರ ದೃಷ್ಟಿ ಹರಿಯಬೇಕು. ಅಧ್ಯಾಪಕರ ಪಾಲಿನ ಕೆಲಸಕ್ಕೆ ಹಣವೇ ಬೇಡ. ಜೂನ್ ತಿಂಗಳಲ್ಲಿ ವೇಳಾಪಟ್ಟಿ ಬರೆಯುವಾಗ ಹತ್ತನೆಯ ತರಗತಿಗೆ ವಾರಕ್ಕೆ ಎರಡು ಆಟದ ಅವಧಿಗಳನ್ನಿಟ್ಟು, ಫೆಬ್ರವರಿಯವರೆಗೂ ಅವನ್ನು ಅಳಿಸದಿದ್ದರಾಯಿತು.