ವಿಮೆಗೆ ಕಾವಲಿದೆ, ಜಿಲ್ಲೆಗೆ ಕಾವಲುಗಾರನಿಲ್ಲ

ಹುನಗುಂದದ ಎರಿಭೂಮಿಯಲ್ಲಿ ಹಿಂಗಾರಿನ ಕಡಲೆ, ಬಿಳಿಜೋಳ ಬಿತ್ತುವ ರೈತ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಗೆ ವಿಮಾ ಮೊತ್ತದ ಶೇ 1.5ರಷ್ಟು ಕಂತು ಕಟ್ಟುತ್ತಾನೆ. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಂಚಿಕೊಳ್ಳುತ್ತವೆ. ಆದರೆ ಬೆಳೆ ಕೈಕೊಟ್ಟಾಗ ಪರಿಹಾರ ನಿರ್ಧಾರವಾಗುವುದು ಅವನ ಹೊಲವನ್ನು ನೋಡಿ ಅಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ಆಯ್ದ ನಾಲ್ಕು ತಾಕುಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ, ಬಂದ ಸರಾಸರಿಯನ್ನು ಮೊದಲೇ ನಿಗದಿಯಾದ ಇಳುವರಿಯೊಂದಿಗೆ ಹೋಲಿಸಲಾಗುತ್ತದೆ. ಎಕರೆಗೆ ನಾಲ್ಕು ಕ್ವಿಂಟಲ್ ಎಂದು ನಿಗದಿಯಾಗಿದ್ದು, ಪ್ರಯೋಗದಲ್ಲಿ ಮೂರು ಬಂದರೆ ವಿಮಾ ಮೊತ್ತದ ಕಾಲುಭಾಗ ಪರಿಹಾರ. ನಾಲ್ಕೇ ಬಂದರೆ ಸೊನ್ನೆ. ಇಡೀ ಪಂಚಾಯಿತಿಯ ಹಣೆಬರಹ ನಾಲ್ಕು ತುಂಡು ನೆಲದ ಮೇಲೆ, ಅಲ್ಲಿ ತಕ್ಕಡಿ ಹಿಡಿದವರ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಆ ತಕ್ಕಡಿ ಹಿಡಿಯುವವರು ಯಾರು? ಕಂದಾಯ, ಕೃಷಿ, ಪಂಚಾಯತ್ ರಾಜ್ ಮೊದಲಾದ ಇಲಾಖೆಗಳ ತಳಹಂತದ ನೌಕರರು. ಅವರಿಗೆ ಇದು ಹತ್ತರ ಜೊತೆ ಹನ್ನೊಂದನೆಯ ಕೆಲಸ. ಮೊಬೈಲ್ ಆ್ಯಪ್‌ಗಳ ಮೂಲಕ ಹೇರಲಾಗುತ್ತಿರುವ ಹೊರೆ ತಾಳಲಾಗದೆ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಮುಷ್ಕರಕ್ಕೆ ಇಳಿದದ್ದು ಎಲ್ಲರಿಗೂ ತಿಳಿದಿದೆ. ವಿಮೆ ಎಂಬ ವ್ಯವಹಾರದ ಅತ್ಯಂತ ಸೂಕ್ಷ್ಮ ಘಟ್ಟವನ್ನು ಇಷ್ಟು ದಣಿದ ಕೈಗಳಿಗೆ ಒಪ್ಪಿಸಿ, ಅದರ ಮೇಲೆ ಕಣ್ಣಿಡಬೇಕಾದವರು ದೂರದಲ್ಲಿದ್ದಾರೆ.

ಎಷ್ಟು ದೂರ? ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕೇಂದ್ರ ಕಚೇರಿ ಹೈದರಾಬಾದಿನಲ್ಲಿದೆ. ದೆಹಲಿ ಮತ್ತು ಮುಂಬೈಗಳಲ್ಲಿ ಶಾಖೆಗಳಿವೆ. ಬಾಗಲಕೋಟೆಯಲ್ಲಿ ಅದರ ಒಬ್ಬ ಗುಮಾಸ್ತನೂ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 47ನೇ ವಿಷಯವಾಗಿ ವಿಮೆ ಇರುವುದರಿಂದ ರಾಜ್ಯ ಸರ್ಕಾರಕ್ಕೆ ನಿಯಂತ್ರಣದ ಅಧಿಕಾರವೂ ಇಲ್ಲ. ಬೆಳೆ ವಿಮೆಯ ಸಹಾಯಧನಕ್ಕೆ ರಾಜ್ಯದ ಬೊಕ್ಕಸ ಬೇಕು, ಕಟಾವಿಗೆ ರಾಜ್ಯದ ನೌಕರ ಬೇಕು, ಆದರೆ ಕಂಪನಿಯ ಪರವಾನಗಿಯನ್ನು ಪ್ರಶ್ನಿಸುವ ಹಕ್ಕು ಮಾತ್ರ ರಾಜ್ಯಕ್ಕೆ ಬೇಡ! ಅಮೆರಿಕದಲ್ಲಿ 1945ರ ಮೆಕ್ಯಾರನ್-ಫರ್ಗುಸನ್ ಕಾಯ್ದೆಯ ಪ್ರಕಾರ ವಿಮಾ ನಿಯಂತ್ರಣ ಆಯಾ ರಾಜ್ಯಗಳದ್ದು. ನಾವು ಆ ದಾರಿ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಐವತ್ತು ಬಗೆಯ ನಿಯಮಗಳಿಂದ ಆಗುವ ತೊಡಕು ಬೇರೆ. ಕಾವಲು ಕೇಂದ್ರದ್ದೇ ಆಗಿರಲಿ, ಆದರೆ ಅದು ಜಿಲ್ಲೆಯವರೆಗೆ ಬರಲಿ ಎಂಬುದಷ್ಟೇ ನನ್ನ ವಾದ.

ಹಣವಿಲ್ಲ ಎಂಬ ಸಬೂಬು ಇಲ್ಲಿ ನಡೆಯದು. 1999ರ ಕಾಯ್ದೆಯ 16ನೇ ಕಲಮಿನಂತೆ ಪ್ರಾಧಿಕಾರಕ್ಕೆ ತನ್ನದೇ ನಿಧಿಯಿದೆ. ಕಂಪನಿಗಳು ತಮ್ಮ ವಹಿವಾಟಿಗೆ ಅನುಗುಣವಾಗಿ ತೆರುವ ಶುಲ್ಕ ಅದಕ್ಕೆ ಸಂದಾಯವಾಗುತ್ತದೆ. ಆ ಶುಲ್ಕ ಕೊನೆಗೂ ಪಾಲಿಸಿದಾರನ ಕಂತಿನಿಂದಲೇ ಬಂದದ್ದು. ಕೊರತೆ ಇರುವುದು ಜನರದ್ದು. ಅಧ್ಯಕ್ಷರ ಕುರ್ಚಿಯನ್ನೇ ನೋಡಿ: 2021ರ ಮೇ ತಿಂಗಳಲ್ಲಿ ಸುಭಾಷ್ ಖುಂಟಿಯಾ ನಿವೃತ್ತರಾದ ಮೇಲೆ ದೇಬಾಶಿಶ್ ಪಾಂಡಾ ಬಂದದ್ದು 2022ರ ಮಾರ್ಚ್‌ನಲ್ಲಿ. ಪಾಂಡಾ ಅವರ ಅವಧಿ 2025ರ ಮಾರ್ಚ್‌ನಲ್ಲಿ ಮುಗಿದರೆ, ಅಜಯ್ ಸೇಠ್ ಅಧಿಕಾರ ವಹಿಸಿಕೊಂಡದ್ದು ಸೆಪ್ಟೆಂಬರ್‌ನಲ್ಲಿ. ನಿವೃತ್ತಿಯ ದಿನ ವರ್ಷಗಳ ಮೊದಲೇ ಗೊತ್ತಿರುವ ಹುದ್ದೆ ತಿಂಗಳುಗಟ್ಟಲೆ ಖಾಲಿ ಬಿದ್ದಿತೆಂದರೆ ಕೆಳಹಂತದ ಬಗ್ಗೆ ಏನು ನಿರೀಕ್ಷಿಸಬಹುದು?

ವಿಮಾ ಲೋಕಪಾಲ ಇದ್ದಾರಲ್ಲ ಎನ್ನಬಹುದು. ದೇಶದ ಹಲವೆಡೆ ಲೋಕಪಾಲ ಕಚೇರಿಗಳಿದ್ದು, ಕರ್ನಾಟಕದ್ದು ಬೆಂಗಳೂರಿನಲ್ಲಿದೆ. ಅದೂ ಆರಂಭದ ವರ್ಷಗಳಲ್ಲಿ ಹೈದರಾಬಾದಿಗೇ ಹೋಗಬೇಕಿತ್ತು. 2021ರ ತಿದ್ದುಪಡಿಯ ನಂತರ ಆನ್‌ಲೈನ್ ದೂರಿಗೆ, ವಿಡಿಯೊ ವಿಚಾರಣೆಗೆ ಅವಕಾಶ ದೊರೆತದ್ದು ನಿಜಕ್ಕೂ ಒಳ್ಳೆಯದು. ಆದರೆ ಈ ಕಚೇರಿಗಳ ಖರ್ಚು ಭರಿಸುವವರು ವಿಮಾ ಕಂಪನಿಗಳೇ. ತೀರ್ಪುಗಳು ಪಕ್ಷಪಾತಿ ಎಂದು ನಾನು ಹೇಳಲಾರೆ. ಆದರೂ ಪ್ರತಿವಾದಿಯ ಖರ್ಚಿನಲ್ಲಿ ನಡೆಯುವ ಕಟಕಟೆ ಎಂಬ ಮುಜುಗರ ತಪ್ಪದು.

ಇಳಕಲ್‌ನ ನೇಕಾರರ ಅನುಭವ ಇನ್ನೊಂದು ಬಗೆಯದು. ಮಹಾತ್ಮ ಗಾಂಧಿ ಬುನಕರ ಬಿಮಾ ಯೋಜನೆಯಲ್ಲಿ ವಾರ್ಷಿಕ ಕಂತು 470 ರೂಪಾಯಿ. ನೇಕಾರ 80 ರೂಪಾಯಿ ಕೊಟ್ಟರೆ ಉಳಿದದ್ದು ಕೇಂದ್ರ ಮತ್ತು ಜೀವ ವಿಮಾ ನಿಗಮದ ಮೂಲಕ ಬರುತ್ತಿತ್ತು. ಈಗ ಜೀವನ ಜ್ಯೋತಿಗೆ 436, ಸುರಕ್ಷಾ ಬಿಮಾಕ್ಕೆ 20 ರೂಪಾಯಿ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಕುಣಿಮಗ್ಗದಲ್ಲಿ ಕುಳಿತವನು ಸತ್ತಾಗ, ಖಾತೆಯಲ್ಲಿ ಹಣವಿಲ್ಲದೆ ಕಂತು ಕಡಿತವಾಗಿರಲಿಲ್ಲ ಎಂದು ಹೆಂಡತಿಗೆ ತಿಳಿದರೆ, ಅವಳು ಹೋಗಬೇಕಾದದ್ದು ಬ್ಯಾಂಕಿಗೋ, ಕಂಪನಿಗೋ?

ಬಾದಾಮಿ ತಾಲ್ಲೂಕಿನ ಮಲಪ್ರಭಾ ದಂಡೆಯ ಊರುಗಳು 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ನೀರು ಪಾಲಾದವು. ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೂ ಹೊಳೆ ನುಗ್ಗಿತ್ತು. ಸ್ಥಳೀಯ ವಿಕೋಪದ ಬೆಳೆಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕೆಂಬುದು ನಿಯಮ. ಪರಿಹಾರ ಕೇಂದ್ರದಲ್ಲಿ ಮಕ್ಕಳನ್ನು ಮಲಗಿಸಿಕೊಂಡಿರುವವನಿಗೆ ಆ ಮೂರು ದಿನಗಳಲ್ಲಿ ಮೊಬೈಲ್ ಚಾರ್ಜ್ ಮಾಡುವುದೇ ದೊಡ್ಡ ಕೆಲಸ. ಅಂಥ ವೇಳೆಯಲ್ಲಿ ದೂರು ದಾಖಲಿಸಿಕೊಳ್ಳುವ, ಕಂಪನಿಯ ಪ್ರತಿನಿಧಿಯನ್ನು ಹೊಲಕ್ಕೆ ಕರೆತರುವ ಅಧಿಕಾರಿಯೊಬ್ಬ ಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಸಮಿತಿ ಇದೆ. ಆದರೆ ಪ್ರವಾಹದ ವಾರದಲ್ಲಿ ಜಿಲ್ಲಾಧಿಕಾರಿಗಳಿಗೆ ವಿಮೆಯ ಕಡತ ನೋಡಲು ಪುರಸೊತ್ತೆಲ್ಲಿ?

ರಿಸರ್ವ್ ಬ್ಯಾಂಕ್ ಪ್ರತಿ ಜಿಲ್ಲೆಯ ಹೊಣೆಯನ್ನು ತನ್ನ ಒಬ್ಬೊಬ್ಬ ಅಧಿಕಾರಿಗೆ ವಹಿಸಿದೆ. ವಿಮಾ ಪ್ರಾಧಿಕಾರವೂ ತನ್ನ ನಿಧಿಯಿಂದಲೇ ಸಂಬಳ ಕೊಟ್ಟು ಬಾಗಲಕೋಟೆಯಲ್ಲಿ ಒಬ್ಬ ಅಧಿಕಾರಿಯನ್ನು, ಇಬ್ಬರು ಸಹಾಯಕರನ್ನು ನೇಮಿಸಲಿ. ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲಿ ತಿಂಗಳಿಗೊಮ್ಮೆ ಅವರು ದೂರು ಆಲಿಸಲಿ, ಕಟಾವಿನ ತಾಕುಗಳಿಗೆ ಮುನ್ಸೂಚನೆಯಿಲ್ಲದೆ ಹೋಗಲಿ. ಬೆಳೆ ವಿಮೆಯ ಮಾರ್ಗಸೂಚಿ ಕೃಷಿ ಸಚಿವಾಲಯದ್ದು, ನಮ್ಮದಲ್ಲ ಎಂದು ಪ್ರಾಧಿಕಾರ ಹೇಳಬಹುದು. ಅದಕ್ಕೂ ದಾರಿಯಿದೆ: 2020ರ ಪರಿಷ್ಕೃತ ಯೋಜನೆಯಲ್ಲಿ ಆಡಳಿತ ವೆಚ್ಚಕ್ಕೆಂದೇ ಕೇಂದ್ರ ಮತ್ತು ರಾಜ್ಯಗಳು ಕನಿಷ್ಠ ಶೇ 3ರಷ್ಟು ಹಣ ತೆಗೆದಿಡಬೇಕೆಂದಿದೆ. ಆ ಹಣದಲ್ಲಿ ಬಾಗಲಕೋಟೆ ಜಿಲ್ಲೆಗೆ ಬಂದದ್ದೆಷ್ಟು, ಅದರಿಂದ ಕಟಾವಿಗೆ ನೇಮಕವಾದವರೆಷ್ಟು, ಪ್ರಾಧಿಕಾರದ ನಿಧಿಯಲ್ಲಿ ಉಳಿದದ್ದೆಷ್ಟು, ಅದರ ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇರುವುದೆಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಜಿಲ್ಲೆಯ ಸಂಸದರು ಮುಂದಿನ ಅಧಿವೇಶನದಲ್ಲೇ ಕೇಳಬಹುದು.